ಹೊಲಿಗೆ ಅಕ್ಕನ ನಾಲ್ಕು ದನಿ

ಬೀದಿಯವರೆಲ್ಲ ಅವಳನ್ನು ಹೊಲಿಗೆ ಅಕ್ಕ ಎನ್ನುತ್ತಿದ್ದರು. ಶಾಲೆಯ ಸಮವಸ್ತ್ರ, ಪರದೆ, ದಿಂಬಿನ ಚೀಲ, ಏನು ಕೊಟ್ಟರೂ ಹೊಲಿದು ಕೊಡುತ್ತಿದ್ದಳು. ಕೈ ಓಡುತ್ತಿದ್ದಷ್ಟು ಹೊತ್ತೂ ಬಾಯಿ ಹಾಡುತ್ತಿರಬೇಕು. ನಲವತ್ತು ದಾಟಿದ ಮೇಲೆ ಒಂದು ಕೆಟ್ಟ ಜ್ವರ ಬಂತು. ಹೋಗುವಾಗ ಅವಳ ಕಿವಿಯನ್ನೂ ಮುಕ್ಕಾಲು ಪಾಲು ಹೊತ್ತುಕೊಂಡು ಹೋಯಿತು.

ಕಿವಿಗೆ ಯಂತ್ರ ಹಾಕಿಸಿದರು. ಎದುರಿನವರ ತುಟಿ ನೋಡಿಕೊಂಡರೆ ಮಾತು ಹೇಗೋ ತಿಳಿಯುತ್ತಿತ್ತು. ಹಾಡು ಮಾತ್ರ ಹಾಡಾಗಿ ಉಳಿಯಲಿಲ್ಲ. ರೇಡಿಯೋ ಹಾಕಿದರೆ ಪಾತ್ರೆಗಳ ರಾಶಿ ಮೆಟ್ಟಿಲಿಂದ ಉರುಳಿದಂತೆ ಕೇಳಿಸುತ್ತಿತ್ತು. ಅದರ ಮೇಲೊಂದು ಬಟ್ಟೆ ಹೊದಿಸಿ, ತಾನೂ ಹಾಡುವುದನ್ನು ಬಿಟ್ಟಳು. ಯಾರಾದರೂ ಕೇಳಿದರೆ, ಬಾಯಿಗೂ ಸ್ವಲ್ಪ ರಜೆ ಬೇಕಲ್ಲ ಎಂದು ನಗುತ್ತಿದ್ದಳು.

ಅವಳ ಮನೆಯ ಹಿಂದಿನ ಕೋಣೆಯಲ್ಲಿ ಮೈದುನ ಟಿ.ವಿ. ರಿಪೇರಿ ಮಾಡುತ್ತಿದ್ದ. ಹೊಟ್ಟೆ ಮೇಜಿಗೆ ತಾಗುವಷ್ಟು ಬೆಳೆದಿದ್ದರೂ ಹಳೆಯ ವಿಡಿಯೋ ಗೇಮ್ ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ಬೆಳಿಗ್ಗೆ, ಗುಜರಿ ಅಂಗಡಿಯಿಂದ ತಂದ ಗೇಮಿನ ಪೆಟ್ಟಿಗೆಯೊಂದಕ್ಕೆ ಬೆಸುಗೆ ಹಾಕಿ ಚಾಲೂ ಮಾಡಿದ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತು. ತಲೆಯೆತ್ತಿದರೆ, ಅರ್ಧ ಹೊಲಿದ ಅಂಗಿಯ ತೋಳನ್ನು ಕೈಯಲ್ಲಿ ಹಿಡಿದು ಅತ್ತಿಗೆ ಬಾಗಿಲಲ್ಲಿ ನಿಂತಿದ್ದಳು.

"ಯಾವ ಹಾಡಪ್ಪ ಅದು?"

"ಹಾಡಲ್ಲ ಅತ್ತಿಗೆ, ಆಟದ ಸದ್ದು."

"ನನಗೆ ಹಾಡೇ ಕೇಳಿಸ್ತು. ಇನ್ನೊಂದ್ಸಲ ಹಾಕು."

ಆ ಪೆಟ್ಟಿಗೆಯೊಳಗೆ ಸದ್ದು ಹೊರಡಿಸುವ ಚಿಪ್‌ಗೆ ಇರುವುದೇ ನಾಲ್ಕು ದನಿ ಎಂದು ಮೈದುನ ವಿವರಿಸಿದ. ಎರಡು ರಾಗಕ್ಕೆ, ಒಂದು ತಗ್ಗಿನ ಸ್ವರಕ್ಕೆ, ತಾಳಕ್ಕೆ ಬುಸ್ಸೆನ್ನುವ ಇನ್ನೊಂದು. ದನಿಗಳ ಜನಜಂಗುಳಿ ಇಲ್ಲದ್ದರಿಂದ ಕಿವಿಯ ಯಂತ್ರ ತಡವರಿಸಲಿಲ್ಲವೇನೋ. ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ನಮ್ಮದೇ ಹಾಡನ್ನೂ ಅದರಲ್ಲಿ ಕೂರಿಸಬಹುದೆಂಬುದು ಮಾತ್ರ ಗೊತ್ತಿತ್ತು. ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಜೋಡಿಸಿ, ಹೊಲಿಗೆಯ ಕೋಣೆಯಲ್ಲೇ ಇಟ್ಟುಕೊಟ್ಟ.

ಕಂಪ್ಯೂಟರಿನ ಪರದೆಯ ಮೇಲಿನ ಚೌಕಟ್ಟಿನಲ್ಲಿ ಒಂದೊಂದೇ ಮನೆಗೆ ಒಂದೊಂದೇ ಸ್ವರ ತುಂಬಬೇಕು. ಅತ್ತಿಗೆಗೆ ಬೇಸರ ಬಂದೀತೆಂದು ಅವನು ಅಂದುಕೊಂಡಿದ್ದ. ಅವಳೋ ಎಳೆ ಎಣಿಸಿ ಕಸೂತಿ ಹಾಕಿ ಪಳಗಿದವಳು. ಮೊದಮೊದಲು ಬಂದ ರಾಗ ಬಾಲ ತುಳಿಸಿಕೊಂಡ ಬೆಕ್ಕಿನಂತಿತ್ತು. ತಪ್ಪಿದ್ದನ್ನು ಬಿಚ್ಚಿ ಮತ್ತೆ ಹಾಕುವುದು ಅವಳಿಗೇನು ಹೊಸದೇ? ಬರುಬರುತ್ತಾ ರಾಗ ನೆಟ್ಟಗಾಯಿತು, ಅಡುಗೆಮನೆಯಲ್ಲಿ ಗುನುಗುವುದೂ ಶುರುವಾಯಿತು. ಮನೆ ಈಗ ಮನೆಯ ಹಾಗಿದೆ ಎಂದು ಗಂಡ ತಮ್ಮನ ಹತ್ತಿರ ಹೇಳಿದನಂತೆ. ಹೆಂಡತಿಯ ಹತ್ತಿರ ಹೇಳಲಿಲ್ಲ.

ಅಷ್ಟರಲ್ಲಿ ಹೊಲಿಗೆ ಅಕ್ಕನ ತಂಗಿ ಬಂದಳು. ಹುಡುಗಿಯರಾಗಿದ್ದಾಗ ಇಬ್ಬರೂ ಜೊತೆಯಾಗಿ ಹಾಡಿದವರು. ಅಕ್ಕನ ಕಿವಿ ಹೋದಂದಿನಿಂದ ತಂಗಿ ಅವಳೆದುರು ಹಾಡಲು ಬಾಯಿ ತೆರೆದಿರಲಿಲ್ಲ. ಅಕ್ಕ ಅವಳನ್ನು ಕೂರಿಸಿ, ತಾವು ಹಾಡುತ್ತಿದ್ದ ಹಾಡನ್ನೇ ಪೆಟ್ಟಿಗೆಯಲ್ಲಿ ಹಾಕಿದಳು.

ತಂಗಿ ಮೂಗು ಮುರಿದಳು. "ಸೊಳ್ಳೆ ಹಾಡಿದ ಹಾಗಿದೆಯಲ್ಲೇ ಅಕ್ಕ."

ಮೈದುನನ ಮುಖ ಸಪ್ಪಗಾಯಿತು. ಅಕ್ಕನಿಗೆ ಮಾತ್ರ ನಗು ತಡೆಯಲಿಲ್ಲ. "ಎರಡನೇ ಸೊಳ್ಳೆ ನೀನೇ ಕಣೆ. ಸರಿಯಾಗಿ ಕೇಳು."

ತಂಗಿ ಬಗ್ಗಿ ಕೇಳಿದಳು. ಸಾಲಿನ ಕೊನೆಯಲ್ಲಿ ಇಳಿಯಬೇಕಾದ ಎರಡನೆಯ ದನಿ ಮೇಲಕ್ಕೇರಿತು. ಇಲ್ಲಿ ತಪ್ಪಾಗಿದೆ ಎನ್ನಹೊರಟವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಚಿಕ್ಕಂದಿನಲ್ಲಿ ಸರಿಯಾಗಿ ಅದೇ ಜಾಗದಲ್ಲಿ ಅವಳು ಎಡವುತ್ತಿದ್ದಳು. ಅಮ್ಮ ಎಷ್ಟು ಬೈದರೂ ತಿದ್ದಿಕೊಳ್ಳಲಿಲ್ಲ.

"ಇದನ್ನೂ ಹಾಕಿದ್ದೀಯಾ?"

"ಅದಿಲ್ಲದಿದ್ರೆ ಅದು ನೀನು ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ತಂಗಿ ಕಣ್ಣೊರೆಸಿಕೊಂಡು ಪೆಟ್ಟಿಗೆಯ ಜೊತೆ ಹಾಡತೊಡಗಿದಳು. ಅವಳ ಗಂಟಲು ಅಕ್ಕನಿಗೆ ನೀರು ಕುದಿವ ಸದ್ದಿನಂತೆ ಕೇಳಿಸಿತು. ಆದರೆ ಪೆಟ್ಟಿಗೆಯ ಸ್ವರ ಸ್ಪಷ್ಟವಾಗಿತ್ತು, ತಂಗಿಯ ತುಟಿ ಕಣ್ಣೆದುರೇ ಇತ್ತು. ಅಷ್ಟನ್ನು ಹಿಡಿದುಕೊಂಡು ಅವಳೂ ದನಿಗೂಡಿಸಿದಳು. ಅಲ್ಲಲ್ಲಿ ಶ್ರುತಿ ಜಾರಿತು. ತಂಗಿ ಮುಲಾಜಿಲ್ಲದೆ ತಿದ್ದಿದಳು.

ಈಗ ಹೊಲಿಸಲು ಬಂದವರು ಬಟ್ಟೆ ಕೊಟ್ಟು ಒಂದು ಹಾಡನ್ನೂ ಕೇಳಿಯೇ ಹೋಗಬೇಕು. ಕೆಲವರು ತಲೆದೂಗುತ್ತಾರೆ, ಕೆಲವರು ಬಾಗಿಲ ಕಡೆ ನೋಡುತ್ತಾರೆ. ಇನ್ನೊಂದು ಪೆಟ್ಟಿಗೆ ಸಿಕ್ಕರೆ ದನಿಗಳನ್ನು ಹೆಚ್ಚಿಸಬಹುದೆಂದು ಮೈದುನ ಗುಜರಿ ಅಂಗಡಿ ಸುತ್ತುತ್ತಿದ್ದಾನೆ. ಅವಸರ ಬೇಡಪ್ಪ, ಈ ನಾಲ್ಕರಲ್ಲೇ ಇನ್ನೂ ಬೇಕಾದಷ್ಟಿದೆ ಎನ್ನುತ್ತಾಳೆ ಅತ್ತಿಗೆ.