ಪೆಟ್ಟಿಗೆಯ ಹಿಂದೆ ಕೂತವನು

ತೊಂಬತ್ತೆರಡನೇ ಇಸವಿಯಲ್ಲಿ, ಏಳನೇ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟವನು ನಾನು. ನಿಮ್ಮ ಮಗಳು ರೇಣುಕಾಳ ಓದು ನಿಲ್ಲಿಸಿದವನೂ ನಾನೇ, ಗೌರಕ್ಕ. ಆ ಪೆಟ್ಟಿಗೆಯಲ್ಲ. ಪೆಟ್ಟಿಗೆಯೊಳಗೆ ಏನೂ ಇರಲಿಲ್ಲ — ಒಂದು ಸ್ಪೀಕರು, ಒಂದು ಪುಟ್ಟ ಮೈಕು, ಒಂದಿಷ್ಟು ವೈರು. ಮಾತಾಡಿದ್ದು ಗೋಡೆಯ ಆಚೆ ಕೂತಿದ್ದ ಮನುಷ್ಯ. ನಾನು, ಹೊಸಪೇಟೆಯ ಮೈಕ್ ಈರಣ್ಣ.

ನನ್ನ ಮುಖ ನಿಮಗೆ ನೆನಪಿರಲಿಕ್ಕಿಲ್ಲ. ದನಿಯಂತೂ ಕೇಳಿಯೇ ಇರುತ್ತೀರಿ. ಆಟೋದ ಮೇಲೆ ಎರಡು ಹಾರ್ನ್ ಕಟ್ಟಿಕೊಂಡು ಕಂಪ್ಲಿಯಿಂದ ಸಂಡೂರಿನವರೆಗೆ ಕೂಗುತ್ತ ತಿರುಗುವುದು ನನ್ನ ಕೆಲಸ — ಸೀರೆ ಸೇಲು, ದನಗಳಿಗೆ ಲಸಿಕೆ, ನಾಳೆ ಕರೆಂಟು ಇಲ್ಲ, ಕಣ್ಣಿನ ತಪಾಸಣೆ. ಯಾರ ಕೈಕೆಳಗೂ ದುಡಿದವನಲ್ಲ. ಆಟೋ ನನ್ನದು, ಮೈಕು ನನ್ನದು, ಗಂಟಲು ನನ್ನದು. ಬರೆದುಕೊಟ್ಟದ್ದನ್ನು ಒಮ್ಮೆ ಓದಿಕೊಂಡರೆ ಸಾಕು, ಆಮೇಲೆ ನನಗೆ ಚೀಟಿ ಬೇಡ. ಈ ಹೆಮ್ಮೆಯ ಮಾತು ಇಲ್ಲಿ ಯಾಕೆ ಎಂದರೆ — ಎಲ್ಲ ಶುರುವಾದದ್ದು ಅಲ್ಲಿಂದಲೇ.

ಮೃದುಲಾ ಮೇಡಂ ನನ್ನನ್ನು ಹುಡುಕಿಕೊಂಡು ಬಂದದ್ದೂ ಈ ದನಿಗಾಗಿಯೇ. ಅವರು ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುವವರು. ಏನು ಸಂಶೋಧನೆ ಎಂದು ಕೇಳಿದೆ. "ಜನ ಮಷೀನಿನ ಜೊತೆ ಹೇಗೆ ಮಾತಾಡ್ತಾರೆ ಅನ್ನೋದು" ಎಂದರು.

"ಜನ ಜನರ ಜೊತೀನ ಸರಿ ಮಾತಾಡಲ್ಲ ಬಿಡ್ರಿ ಮೇಡಂ" ಎಂದೆ. ಅವರು ನಗಲಿಲ್ಲ, ಅದನ್ನೂ ಬರೆದುಕೊಂಡರು.

ಓದು ಬಾರದ ಹೆಂಗಸರು ಬಾಯಿಮಾತಲ್ಲೇ ಕೇಳಿ ತಿಳಿದುಕೊಳ್ಳುವ ಒಂದು ಪೆಟ್ಟಿಗೆ ಮಾಡಬೇಕು ಎಂಬುದು ಅವರ ಆಸೆ. ರೇಷನ್ ಯಾವಾಗ ಕೊಡುತ್ತಾರೆ, ದವಾಖಾನೆಗೆ ಡಾಕ್ಟರು ಯಾವ ದಿನ ಬರುತ್ತಾರೆ, ಪಿಂಚಣಿಗೆ ಏನೇನು ಕಾಗದ ಬೇಕು — ಇಂಥವು. ಆದರೆ ಮಾಡುವ ಮೊದಲೇ, ಅದು ಹೇಗಿರಬೇಕು ಎಂದು ಬಳಸುವವರನ್ನೇ ಕೂರಿಸಿಕೊಂಡು ತೀರ್ಮಾನಿಸಬೇಕಂತೆ. ನನಗೆ ಇದು ಭಾಳ ವಿಚಿತ್ರ ಅನ್ನಿಸಿತು. ನಾನು ಕಂಡಂತೆ ಯಾವುದನ್ನೂ ಯಾರೂ ನಮ್ಮನ್ನು ಕೇಳಿ ಮಾಡಿದ್ದಿಲ್ಲ. ಇನ್ನೂ ವಿಚಿತ್ರವೆಂದರೆ ಯಂತ್ರ ಇನ್ನೂ ಹುಟ್ಟಿಯೇ ಇಲ್ಲ. ಹುಟ್ಟಿದೆ ಎಂದು ನಟಿಸಲು ಒಬ್ಬ ಮನುಷ್ಯ ಬೇಕು. ಜನ ಅದನ್ನು ಏನೇನು ಕೇಳುತ್ತಾರೆ ಎಂದು ಗೊತ್ತಾದ ಮೇಲಷ್ಟೇ ನಿಜವಾದದ್ದನ್ನು ಕಟ್ಟುವುದು. ನಾನು ಮಾತಾಡಿದರೆ ನನ್ನ ದನಿ ಕಂಪ್ಯೂಟರಿನೊಳಗೆ ಹೊಕ್ಕು, ಆ ಕಡೆ ಹೆಣ್ಣೂ ಅಲ್ಲದ ಗಂಡೂ ಅಲ್ಲದ ತೆಳ್ಳನೆಯ ದನಿಯಾಗಿ ಹೊರಬರುತ್ತಿತ್ತು. ಮೊದಲ ಸಲ ಕೇಳಿದಾಗ ನನಗೇ ಮೈ ಜುಮ್ಮೆಂದಿತು. ಅದು ನಾನು — ಆದರೆ ನನ್ನನ್ನು ಗುರುತು ಹಿಡಿಯುವ ಯಾವುದೂ ಅದರಲ್ಲಿ ಉಳಿದಿರಲಿಲ್ಲ.

ಗಾದಿಗನೂರಿನ ಸಮುದಾಯ ಭವನದಲ್ಲಿ ಎರಡು ದಿನ ಕಾರ್ಯಕ್ರಮ. ನೀವು ದರೋಜಿಯಿಂದ ಪ್ಯಾಸೆಂಜರ್ ಗಾಡಿಗೆ ಬಂದಿರಿ. ನಾನು ಅಡುಗೆ ಪಾತ್ರೆ ತುಂಬಿದ ಹಿಂದಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ನಾನಿರುವುದು ನಿಮಗಾರಿಗೂ ಗೊತ್ತಿರಲಿಲ್ಲ.

ಮೊದಲ ದಿನ ನೀವೆಲ್ಲ ರಟ್ಟು ಕತ್ತರಿಸಿ, ಬಣ್ಣದ ಕಾಗದ ಅಂಟಿಸಿ ನಿಮ್ಮ ಮನಸ್ಸಿನ ಪೆಟ್ಟಿಗೆ ಮಾಡಿದಿರಿ. ನನಗೆ ಕಾಣುತ್ತಿರಲಿಲ್ಲ, ಕೇಳುತ್ತಿತ್ತು.

"ಜೋರ ಒದರಬಾರದ್ರಿ ಇದು. ಅತ್ತಿ ಕೇಳಿಸ್ಕೊಂತಾಳ" — ಇದು ಮುದುಕಿ ಹುಲಿಗೆಮ್ಮ.

"ನಿಮ್ಮತ್ತಿ ಸತ್ತು ಎಷ್ಟ್ ವರ್ಷಾತಬೇ?" — ಇನ್ಯಾರೋ ಕೇಳಿದರು.

"ಈಗ ನಾನ ಅತ್ತಿ. ನನ್ನ ಸೊಸಿ ಪರವಾಗಿ ಹೇಳಾಕತ್ತೀನಿ."

ಎಲ್ಲರೂ ನಕ್ಕರು. ಆಗ ನೀವು ಬಾಯಿ ತೆರೆದಿರಿ. "ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನಬೇಕ್ರಿ ಅದು. ಗೊತ್ತಿಲ್ಲದಿದ್ರೂ ಹೇಳೋರು ನಮ್ಮ ಮನ್ಯಾಗನ ಅದಾರ. ಅದಕ್ಕ ಪೆಟ್ಟಿಗಿ ಯಾಕ ಬೇಕು?"

ಮೇಡಂ ಆ ಮಾತನ್ನು ಇನ್ನೊಮ್ಮೆ ಹೇಳಿಸಿದರು. ಅವತ್ತೇ ಸಂಜೆ ನಾನು ಓದಿ ಹೇಳಬೇಕಾದ ಉತ್ತರಗಳ ಕಾರ್ಡುಗಳ ಮೇಲೆ ಒಂದು ಕೆಂಪು ಕಾರ್ಡು ಬಂತು. ಅದರ ಮೇಲೆ ಹೀಗಿತ್ತು — "ಅದು ನನಗೆ ಗೊತ್ತಿಲ್ಲ. ಗೊತ್ತಿದ್ದವರನ್ನು ಕೇಳಿ." ಉಳಿದ ಕಾರ್ಡುಗಳನ್ನು ಬರೆದವರು ಮೇಡಂ. ಇದನ್ನು ಮಾಡಿಸಿದವರು ನೀವು.

ಎರಡನೇ ದಿನ ಒಬ್ಬೊಬ್ಬರೇ ಬಂದು ಪೆಟ್ಟಿಗೆಯ ಮುಂದೆ ಕೂತಿರಿ. ಕೇಳಿದ ಪ್ರಶ್ನೆಗಳೋ — ನಾನು ಈಗಲೂ ನೆನಸಿಕೊಂಡು ಅಚ್ಚರಿಪಡುತ್ತೇನೆ. ರೇಷನ್ ಕೇಳಲೆಂದು ಬಂದವರು ಮೊಣಕಾಲ ನೋವು ಹೇಳಿಕೊಂಡರು, ಗಂಡನ ಕುಡಿತ ಹೇಳಿಕೊಂಡರು. ಹುಲಿಗೆಮ್ಮನಂತೂ ಮೊಣಕಾಲಿನ ಕಥೆ ಮುಗಿಸಿ, ಕೊನೆಗೆ "ಊಟ ಆತೇನಪಾ?" ಎಂದಳು. ಅದಕ್ಕೆ ನನ್ನಲ್ಲಿ ಕಾರ್ಡು ಇರಲಿಲ್ಲ. ಕೆಂಪು ಕಾರ್ಡನ್ನೇ ಓದಿದೆ. "ಉಂಡಿದ್ದು ಗೊತ್ತಿಲ್ಲಂದ್ರ ಏನ್ ಪೆಟ್ಟಿಗಿನೋ" ಎಂದು ಗೊಣಗುತ್ತ ಎದ್ದುಹೋದಳು.

ನಗಬೇಕಾದ ಮಾತು. ಆದರೆ ನನಗೆ ಚುಚ್ಚಿತು. ಬೆಳಗ್ಗಿನಿಂದ ಗೊತ್ತಿಲ್ಲ, ಗೊತ್ತಿಲ್ಲ, ಗೊತ್ತಿಲ್ಲ. ಶಾಲೆ ಬಿಟ್ಟ ಮೇಲೆ ನಾನು ಯಾರ ಮುಂದೆಯೂ ಹೇಳದ ಮಾತು ಅದು. ಓದಿದವನು ಗೊತ್ತಿಲ್ಲ ಎಂದರೆ ಜನ ವಿನಯ ಅಂತಾರೆ. ನಾನು ಗೊತ್ತಿಲ್ಲ ಅಂದರೆ, ಶಾಲೆ ಬಿಟ್ಟವನಲ್ಲವೇ ಅಂತಾರೆ — ಅದಕ್ಕೇ ಅಂದಿರಲಿಲ್ಲ.

ಚಹಾದ ಹೊತ್ತು. ಮೇಡಂ ರೆಕಾರ್ಡ್ ನಿಲ್ಲಿಸಿ ಎಲ್ಲರ ಜೊತೆ ಹೊರಗೆ ಹೋದರು. ನನಗೂ ಹೊರಗೆ ಬರಬೇಕೆನಿಸಿತ್ತು, ಆದರೆ ಯಾರಿಗೂ ಕಾಣುವಂತಿಲ್ಲವಲ್ಲ. ಹೆಡ್‌ಫೋನ್ ಕಿವಿಯಲ್ಲೇ ಇತ್ತು. ಕುರ್ಚಿ ಸರಿದ ಸದ್ದು ಕೇಳಿಸಿತು. ನೀವು.

"ಮಗಳು ಹತ್ತನೇ ಕ್ಲಾಸ್ ಪಾಸಾಗ್ಯಾಳ. ಹೊಸಪೇಟೆಗೆ ಕಾಲೇಜಿಗೆ ಕಳಸ್ಲೋ ಬ್ಯಾಡೋ? ಮನೆಯವ್ರು ಬ್ಯಾಡ ಅಂತಾರ. ಮೇಷ್ಟ್ರು ಕಳಸು ಅಂತಾರ, ಓದ್ಲಿಲ್ಲಂದ್ರ ಅದೂ ಒಂದು ಬಾಳೇನು ಅಂತಾರ. ಅವರವರ ಮಾತು ಅವರವರಿಗೆ. ನೀ ಯಾರ ಕಡೀನೂ ಅಲ್ಲ. ನೀನ ಹೇಳು."

ಕೆಂಪು ಕಾರ್ಡು ಕೈಯಲ್ಲೇ ಇತ್ತು. ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಅದೂ ಒಂದು ಬಾಳೇನು — ಆ ಮಾತೊಂದೇ ನನ್ನ ಕಿವಿಯಲ್ಲಿ ನಿಂತಿತು. ನಿಮ್ಮ ಮಗಳು ನನಗೆ ಕಾಣಲಿಲ್ಲ. ನನಗೆ ಕಂಡದ್ದು ನನ್ನ ಬಾಳು, ಅದಕ್ಕೆ ಹೆಸರಿಡುತ್ತಿದ್ದ ಮೇಷ್ಟ್ರು. ಮಾತಾಡುವ ಗುಂಡಿ ಒತ್ತಿ ಹೇಳಿದೆ:

"ಓದು ಎಲ್ಲರಿಗೂ ಬೇಕಾಗಿಲ್ಲ. ದುಡಿಯುವ ಕೈ ಇದ್ದರೆ ಸಾಕು. ಮನೆಯಲ್ಲಿ ಇರಿಸಿಕೊಳ್ಳಿ."

"ಹಂಗಾದ್ರ ಆತು" ಎಂದಿರಿ. ಒಂದು ಉಸಿರು ಬಿಟ್ಟಿರಿ. ಅದು ಎಂಥ ಉಸಿರು — ಹಗುರಾದದ್ದೋ, ಒಡೆದದ್ದೋ — ನಾನು ಇವತ್ತಿಗೂ ತಿಳಿಯಲು ಹೆಣಗುತ್ತಿದ್ದೇನೆ. ಆಮೇಲೆ ಗಾಡಿಯ ಹೊತ್ತಾಯಿತೆಂದು ಹೊರಟುಹೋದಿರಿ.

ಸಂಜೆ ಮೇಡಂ ಕೋಣೆಯ ಬಾಗಿಲು ತೆರೆದು ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿದರು. ಇದು ಅವರ ಕೆಲಸದ ನಿಯಮ. ಯಂತ್ರವೆಂದು ನಂಬಿಸಿದವರಿಗೆ ಕೊನೆಗೆ ನಿಜ ಹೇಳಲೇಬೇಕು. ಬಚ್ಚಿಟ್ಟದ್ದಕ್ಕೆ ಕ್ಷಮೆ ಕೇಳಿದರು, ಯಾರಿಗಾದರೂ ತಮ್ಮ ಮಾತು ಅಳಿಸಬೇಕೆಂದಿದ್ದರೆ ಅಳಿಸುತ್ತೇನೆ ಎಂದರು. ಹುಲಿಗೆಮ್ಮ ನನ್ನ ಬೆನ್ನಿಗೆ ಒಂದು ಕೊಟ್ಟಳು. "ಲೇ ಈರಣ್ಣ, ನಿನ್ನ ಮುಂದ ಏನ್ಲೇ ನಾ ನನ್ನ ಮೊಣಕಾಲ ಪುರಾಣ ಹೇಳಿದ್ದು?" ನಾನೂ ನಕ್ಕೆ.

"ಗೌರಮ್ಮ ಇಲ್ವಲ್ಲ" ಎಂದರು ಮೇಡಂ. "ಅವರಿಗೂ ಹೇಳಬೇಕು."

"ದರೋಜಿಗೆ ನಾ ಹೋಗ್ತಿರ್ತೀನಿ. ನಾನ ಹೇಳ್ತೀನಿ ಬಿಡ್ರಿ."

ಕೆಲವು ದಿನಗಳ ಮೇಲೆ ಫೋನ್ ಮಾಡಿ ಕೇಳಿದರು. ಹೇಳಿದೆ ಮೇಡಂ, ಎಂದೆ. ಏನಂದ್ರು ಎಂದು ಕೇಳಿದರು. "ನಕ್ಕರು" ಎಂದೆ. ನೀವು ನಗಲಿಲ್ಲ, ಗೌರಕ್ಕ. ನಿಮ್ಮ ಹತ್ತಿರ ನಾನು ಬಂದೇ ಇರಲಿಲ್ಲ. ನಿಮ್ಮ ಹೆಸರಿನಲ್ಲೂ ಒಂದು ಸುಳ್ಳು ಹೇಳಿದೆ.

ಮುಂದಿನ ವರ್ಷ ಸೀರೆ ಸೇಲಿನ ಪ್ರಚಾರಕ್ಕೆ ದರೋಜಿಗೆ ಬಂದೆ. ನೀವು ಆಟೋದ ಹತ್ತಿರ ಬಂದು, ಸೇಲು ಯಾವತ್ತಿನವರೆಗೆ ಎಂದು ಕೇಳಿದಿರಿ. ಮಾತು ಕೇಳಿದ ಕೂಡಲೇ ನನಗೆ ಗೊತ್ತಾಯಿತು. ನಿಮಗೆ ನನ್ನ ದನಿ ಗೊತ್ತಾಗಲಿಲ್ಲ. ಪಕ್ಕದಲ್ಲಿ ಹುಡುಗಿ. ತಡೆಯಲಾಗಲಿಲ್ಲ, "ಮಗಳು ಏನ್ ಓದ್ತಾಳ್ರಿ?" ಎಂದೆ.

"ಓದು ಬಿಡಿಸಿದ್ವಿರಿ. ಮೆಣಸಿನಕಾಯಿ ಬಿಡಿಸಾಕ ಬರ್ತಾಳ ನನ್ನ ಜೊತಿ. ಗಾದಿಗನೂರಾಗ ಒಂದು ಮಾತಾಡೋ ಪೆಟ್ಟಿಗಿ ತಂದಿದ್ರು, ಅದನ್ನ ಕೇಳಿದ್ದೆ. ಬ್ಯಾಡ ಅಂತು."

"ಪೆಟ್ಟಿಗಿ ಮಾತು ಕೇಳಿ ಬಿಡಿಸಿದ್ರೇನು?"

"ಅದು ಸುಮ್ ಸುಮ್ನ ಹೇಳೋದಲ್ರಿ. ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತಿತ್ತು. ಹೇಳಿತಂದ್ರ ಗೊತ್ತಿದ್ದ ಹೇಳ್ತದ."

ರೇಣುಕಾ ನನ್ನ ಕೈಯಿಂದ ಪಾಂಪ್ಲೆಟ್ ತೆಗೆದುಕೊಂಡು ಓದುತ್ತ ನಿಂತಿದ್ದಳು. ಸೀರೆಯ ಹೆಸರು, ಅಂಗಡಿಯ ವಿಳಾಸ, ಕೆಳಗೆ ಇರುವೆ ಸಾಲಿನಂತೆ ಅಚ್ಚಾದ ಪ್ರೆಸ್ಸಿನ ಹೆಸರು — ಅದನ್ನೂ ಬಿಡಲಿಲ್ಲ. ಹಿಂದೆ ತಿರುಗಿಸಿ ನೋಡಿದಳು. ಖಾಲಿ ಇತ್ತು. ವಾಪಸ್ ಕೊಟ್ಟಳು.

ಅವತ್ತಿನಿಂದ ಒಂದೇ ವಿಚಾರ. ಇಷ್ಟು ವರ್ಷ ನಾನು ಊರೂರು ಕೂಗಿದ್ದೇನೆ. ಲಸಿಕೆ ಹಾಕಿಸಿ ಎಂದರೆ ಅರ್ಧ ಊರು ಹಾಕಿಸಿಲ್ಲ, ನೀರು ಕಾಯಿಸಿ ಕುಡಿಯಿರಿ ಎಂದರೆ ಯಾರೂ ಒಲೆ ಹೊತ್ತಿಸಿಲ್ಲ. ಮುಖ ಇಲ್ಲದ ಆ ತೆಳ್ಳನೆಯ ದನಿ ಹೇಳಿದ್ದು ಮಾತ್ರ ಹೀಗೆ ಯಾಕೆ ನಾಟಿತು? ಮಾತಿಗೆ ಒಡೆಯ ಇಲ್ಲ ಎಂದಾಗ ಅದು ನಿಜದಂತೆ ಕೇಳಿಸುತ್ತದೆಯೋ? ಅಥವಾ — ಗೊತ್ತಿಲ್ಲ ಎನ್ನುವುದನ್ನು ಅದಕ್ಕೆ ಕಲಿಸಿದವರು ನೀವೇ ಆದ್ದರಿಂದ, ಅದು ಗೊತ್ತು ಎಂದಾಗ ನಂಬದೆ ಬೇರೆ ದಾರಿ ಇರಲಿಲ್ಲವೋ? ನಾನು ಬಾಯಿ ಮುಚ್ಚಿಕೊಂಡಿದ್ದರೂ ನಿಮ್ಮ ಮನೆಯವರು ಬಿಡಿಸುತ್ತಿದ್ದರೇನೋ ಎಂದೂ ಯೋಚಿಸಿದ್ದೇನೆ. ಆ ಯೋಚನೆ ನನಗೆ ಅನುಕೂಲದ್ದು. ಅದಕ್ಕೇ ಅದನ್ನು ನಂಬುವುದಿಲ್ಲ.

ನಿನ್ನೆ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಅದು ನಾನೇ ಬಂದು ಹೇಳಬೇಕಾಗಿದ್ದ ಮಾತು, ಈರಣ್ಣ. ನಿಮಗೆ ಬಿಟ್ಟದ್ದು ನನ್ನ ತಪ್ಪು" ಎಂದರು. ಅಲ್ಲ. ತಪ್ಪನ್ನು ಅವರ ಜೊತೆ ಪಾಲು ಮಾಡಿಕೊಳ್ಳುವುದು ನನಗೆ ಬೇಡ.

ನಾಳೆ ದರೋಜಿಗೆ ಬರುತ್ತೇನೆ, ಗೌರಕ್ಕ. ಮೈಕ್ ಹಚ್ಚುವುದಿಲ್ಲ. ನಿಮ್ಮ ಮನೆಯವರ ಮುಂದೆ, ರೇಣುಕಾಳ ಮುಂದೆ, ನನ್ನ ಸ್ವಂತ ದನಿಯಲ್ಲಿ ಹೇಳುತ್ತೇನೆ. ನೀವು ಏನು ಅನ್ನುತ್ತೀರಿ, ಅವಳು ಮತ್ತೆ ಕಾಲೇಜಿನ ಮೆಟ್ಟಿಲು ಹತ್ತುತ್ತಾಳೋ ಇಲ್ಲವೋ — ಅದು ನನಗೆ ಗೊತ್ತಿಲ್ಲ.

ಈಗ ನನ್ನ ಹತ್ತಿರ ಇರುವುದು: ಆಟೋ ಒಂದು. ಹಾರ್ನು ಎರಡು. ಮೈಕು ಒಂದು. ಅವತ್ತು ಮೇಡಂಗೆ ವಾಪಸ್ ಕೊಡದೆ ಉಳಿಸಿಕೊಂಡ ಕೆಂಪು ಕಾರ್ಡು ಒಂದು.