ಮೊದಲು ನನ್ನ ಕಂಪ್ಯೂಟರಿಗೆ

ಅಪ್ಡೇಟ್ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಅದರ ಹಿಂದೆ ಮುಂದೆ ಯಾರಾದರೂ ಆಟೊಮ್ಯಾಟಿಕ್ ಎಂದು ಬೇರೆ ಸೇರಿಸಿದರೆ ಕೇಳುವುದೇ ಬೇಡ. ತಾನಾಗಿಯೇ ಆಗುತ್ತದೆ ಎಂದು ಜನ ನಿಶ್ಚಿಂತೆಯಿಂದ ಹೇಳುವ ಎಷ್ಟೋ ಕೆಲಸಗಳನ್ನು ಯಾರೋ ಒಬ್ಬರು ಮೂಲೆಯಲ್ಲಿ ಕೂತು ಮಾಡುತ್ತಿರುತ್ತಾರೆ. ನಮ್ಮ ಆಸ್ಪತ್ರೆಯಲ್ಲಿ ಹಾಗೆ ಕೂತವಳು ನಾನು.

ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ನನ್ನ ಕೆಲಸ. ಮನೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಅಮ್ಮ ಮತ್ತು ನಾನು, ಇಬ್ಬರೇ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಮುಗಿಸಿದ್ದರೂ ಆಸ್ಪತ್ರೆಗೆ ಸೇರಿದ್ದು ಏಜೆನ್ಸಿಯ ಮೂಲಕ, ಗುತ್ತಿಗೆಯ ಮೇಲೆ. ಅಲ್ಲಿ ಖಾಯಂ ಆದವರು ಕುತ್ತಿಗೆಗೆ ನೀಲಿ ಪಟ್ಟಿಯಲ್ಲಿ ಗುರುತಿನ ಕಾರ್ಡ್ ತೂಗುಹಾಕಿಕೊಳ್ಳುತ್ತಾರೆ, ಗುತ್ತಿಗೆಯವರಿಗೆ ಹಳದಿ ಪಟ್ಟಿ. ರೋಗಿಗಳಿಗೆ ಈ ವ್ಯತ್ಯಾಸ ಗೊತ್ತಿಲ್ಲ. ನಮಗೆ ಅದೊಂದು ಬಿಟ್ಟು ಬೇರೇನೂ ಕಣ್ಣಿಗೆ ಬೀಳುವುದಿಲ್ಲ. ಕೌಂಟರಿನ ಹಳದಿ ಪಟ್ಟಿಯವರಲ್ಲಿ ಒಬ್ಬರನ್ನು ಖಾಯಂ ಮಾಡುತ್ತಾರಂತೆ ಎಂಬ ಸುದ್ದಿ ಹಬ್ಬಿದ ದಿನದಿಂದ ನನಗೆ ಬೇರೆ ಯೋಚನೆಯೇ ಇರಲಿಲ್ಲ. ಅಮ್ಮನಿಗೂ ಹೇಳಿಬಿಟ್ಟಿದ್ದೆ. ಅವಳು ಆಗಲೇ ಪಕ್ಕದ ಮನೆಯವರಿಗೂ ಹೇಳಿ ಮುಗಿಸಿದ್ದಳು.

ನಮ್ಮಲ್ಲಿ ಐದು ಕೌಂಟರ್. ಬಾಗಿಲ ಪಕ್ಕದ್ದು ನನ್ನದು. ಅದರ ಪಕ್ಕದಲ್ಲಿ ಕೂರುತ್ತಿದ್ದವಳು ನನ್ನ ಜೊತೆಗೇ ಸೇರಿದವಳು, ಅವಳ ಕುತ್ತಿಗೆಯಲ್ಲೂ ಹಳದಿಯೇ. ರೋಗಿಯ ವಿವರ ಬರೆಯುವುದು, ಚೀಟಿ ಮುದ್ರಿಸುವುದು, ಸರ್ಕಾರಿ ಆರೋಗ್ಯ ಕಾರ್ಡ್ ಇದ್ದವರ ಬೆರಳಚ್ಚು ತೆಗೆದುಕೊಳ್ಳುವುದು, ಎಲ್ಲವೂ ಕಂಪ್ಯೂಟರಿನ ಬ್ರೌಸರಿನೊಳಗೇ ನಡೆಯಬೇಕು. ಬ್ರೌಸರ್ ಮುನಿಸಿಕೊಂಡರೆ ಡಾಕ್ಟರು ಒಳಗೆ ಕೂತು ಆಕಳಿಸುತ್ತಾರೆ, ರೋಗಿಗಳು ಹೊರಗೆ ನಿಂತು ನರಳುತ್ತಾರೆ.

ಒಂದು ಸೋಮವಾರ ಬೆಳಿಗ್ಗೆ ಹಾಗೇ ಆಯಿತು. ಜನ ಬಾಗಿಲಿನಿಂದಾಚೆಗೂ ನಿಂತಿದ್ದರು. ಐದೂ ಕಂಪ್ಯೂಟರುಗಳ ಬ್ರೌಸರ್ ಒಟ್ಟಿಗೇ ಅಪ್ಡೇಟ್ ಆಗಿತ್ತು. ನಮ್ಮನ್ನು ಯಾರೂ ಕೇಳಿರಲಿಲ್ಲ. ಬೆರಳಚ್ಚಿನ ಯಂತ್ರದ ದೀಪ ಎಲ್ಲೂ ಹತ್ತಲಿಲ್ಲ. ಹೊಸನಗರದ ಕಡೆಯಿಂದ ಮೊದಲ ಬಸ್ಸಿಗೆ ಬಂದಿದ್ದ ಒಬ್ಬ ಅಜ್ಜಿ ರಕ್ತ ಪರೀಕ್ಷೆಗೆಂದು ಖಾಲಿ ಹೊಟ್ಟೆಯಲ್ಲಿದ್ದಳು. ತಪ್ಪೆಲ್ಲ ತನ್ನ ಬೆರಳಿನದೇ ಎಂಬಂತೆ ಅದನ್ನು ಸೆರಗಿಗೆ ಒರೆಸಿ ಒರೆಸಿ ಮತ್ತೆ ಯಂತ್ರದ ಮೇಲೆ ಇಡುತ್ತಿದ್ದಳು.

"ಕೈ ತೊಳ್ಕೊಂಡು ಬರ್ಲೇನು ತಾಯಿ?" ಎಂದು ಕೇಳಿದಳು.

ನನಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಬ್ರೌಸರಿನ ಮೇಲ್ಗಡೆ ವೆಬ್‌ಸೈಟಿನ ಅಡ್ರೆಸ್ ಬರೆಯುವ ಜಾಗದ ಎಡಕ್ಕೆ ಒಂದು ಸಣ್ಣ ಗುರುತು ಇದೆ, ಅದನ್ನು ಒತ್ತಿ ಈ ಯಂತ್ರಕ್ಕೆ ಹೊಸದಾಗಿ ಅನುಮತಿ ಕೊಡಬೇಕು ಎಂಬುದು ನನಗೆ ಹೊಳೆಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅಜ್ಜಿ ಅಷ್ಟರೊಳಗೆ ತಲೆ ಸುತ್ತಿ ಬೆಂಚಿನ ಮೇಲೆ ಮಲಗಿಬಿಟ್ಟಿದ್ದಳು.

ಮ್ಯಾನೇಜರ್ ಬಂದು ಒಂದು ಉಪಾಯ ಹೇಳಿದರು. "ಅಪ್ಡೇಟನ್ನೇ ಬಂದ್ ಮಾಡ್ಬಿಡಿ, ರಗಳೆಯೇ ಬೇಡ."

"ಹಾಗೆ ಬಿಟ್ರೆ ಕಳ್ಳರಿಗೆ ಬಾಗಿಲು ತೆಗೆದಿಟ್ಟ ಹಾಗಾಗುತ್ತೆ ಸಾರ್. ರೋಗಿಗಳ ವಿವರ ಎಲ್ಲಾ ಇದ್ರಲ್ಲೇ ಇದೆ. ಅಪ್ಡೇಟ್ ಬೇಕೇ ಬೇಕು. ಬರೋ ರೀತಿ ಸರಿ ಮಾಡ್ಬೇಕು ಅಷ್ಟೇ."

"ಹಂಗಾದ್ರೆ ನೀವೇ ಏನಾದ್ರೂ ಮಾಡ್ರಮ್ಮ," ಎಂದು ಅವರು ಹೊರಟುಹೋದರು. ಆ ಒಂದು ಮಾತನ್ನು ನಾನು ದೊಡ್ಡ ಜವಾಬ್ದಾರಿ ಎಂದು ತಿಳಿದುಕೊಂಡೆ. ತಲೆಯ ಮೇಲಿನ ನೊಣ ಓಡಿಸಿದಂತೆ ಅವರು ನನ್ನನ್ನು ಓಡಿಸಿದ್ದರು ಎಂದು ಅರ್ಥವಾಗಲು ನನಗೆ ಬಹಳ ಕಾಲ ಬೇಕಾಯಿತು.

ಭದ್ರಾವತಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮೊಬೈಲಿನಲ್ಲಿ ಓದತೊಡಗಿದೆ. ಬ್ರೌಸರ್ ಮಾಡುವ ಕಂಪನಿಗಳು ಕೂಡ ಹೊಸದನ್ನು ಲೋಕಕ್ಕೆಲ್ಲ ಒಟ್ಟಿಗೆ ಹಂಚುವುದಿಲ್ಲವಂತೆ. ಮೊದಲು ಸ್ವಲ್ಪ ಜನರಿಗೆ ಕಳಿಸಿ, ಅವರಿಗೆ ಏನಾಗುತ್ತದೆ ನೋಡಿಕೊಂಡು, ಆಮೇಲೆ ಉಳಿದವರಿಗೆ. ಕಚೇರಿಗಳೂ ತಮ್ಮ ಮಟ್ಟಿಗೆ ಹಾಗೆ ಮಾಡಿಕೊಳ್ಳಬಹುದು, ಅದಕ್ಕೆ ಬೇಕಾದ ಸೆಟ್ಟಿಂಗ್ ಎಲ್ಲ ಇದೆ. ಮಾಚೇನಹಳ್ಳಿ ದಾಟುವಷ್ಟರಲ್ಲಿ ನನ್ನ ತಲೆಯಲ್ಲಿ ಎಲ್ಲ ತಯಾರಾಗಿತ್ತು. ಒಂದು ಕಂಪ್ಯೂಟರಿಗೆ ಅಪ್ಡೇಟ್ ಬಂದ ಕೂಡಲೇ ಸೇರಬೇಕು. ಉಳಿದ ನಾಲ್ಕಕ್ಕೆ ತಡವಾಗಿ, ಅದೂ ಊಟದ ಹೊತ್ತಿನಲ್ಲಿ ಸೇರಬೇಕು. ಮೊದಲನೆಯದರಲ್ಲಿ ಏನು ಕೆಡುತ್ತದೋ ಅದನ್ನು ಅಲ್ಲೇ ಸರಿಮಾಡಿಕೊಂಡು, ಉಳಿದವುಗಳಿಗೆ ಮೊದಲೇ ದಾರಿ ಸಿದ್ಧ ಮಾಡಿಡಬೇಕು.

ಆ ಮೊದಲನೆಯ ಕಂಪ್ಯೂಟರ್ ಯಾರದ್ದಾಗಬೇಕು ಎಂಬ ಪ್ರಶ್ನೆ ಬಂತು. ಬಂತು ಎಂದರೆ ನನಗೊಬ್ಬಳಿಗೇ ಬಂತು. ನನ್ನದನ್ನೇ ಇಟ್ಟುಕೊಂಡೆ. ನಾನಲ್ಲದೆ ಕೆಟ್ಟದ್ದನ್ನು ಸರಿಮಾಡುವವರು ಯಾರಿದ್ದರು?

ನಮ್ಮ ಮನೆಯಲ್ಲಿ ಇದು ಹೊಸದೇನಲ್ಲ. ಅಮ್ಮ ಹುಯ್ಯುವ ಮೊದಲ ದೋಸೆ ಎಂದೂ ಕಾವಲಿಯಿಂದ ಸರಿಯಾಗಿ ಏಳುವುದಿಲ್ಲ. ಅದನ್ನು ಕೆರೆದು ತೆಗೆದು ತನ್ನ ತಟ್ಟೆಗೇ ಹಾಕಿಕೊಳ್ಳುತ್ತಾಳೆ. ಅಪ್ಪ ಇದ್ದಾಗಲೂ ಹಾಗೇ, ನಾವಿಬ್ಬರೇ ಆದಮೇಲೂ ಹಾಗೇ. ನಾನು ಬೈದಾಗಲೆಲ್ಲ, "ಕಾವ್ಲಿ ಹದಕ್ಕೆ ಬಂತೋ ಇಲ್ವೋ ನೋಡ್ಬೇಕಲ್ಲೇ, ಯಾರಾದ್ರೂ ಒಬ್ರು ತಿನ್ಬೇಕಲ್ಲ," ಎನ್ನುತ್ತಾಳೆ. ಈ ಕಥೆಯನ್ನು ನಾನೇ ಪಕ್ಕದ ಕೌಂಟರಿನವಳಿಗೆ ಹೇಳಿದ್ದೆ. ಅಂದಿನಿಂದ ಅಪ್ಡೇಟ್ ಬಂದ ದಿನ ಅವಳು ನನ್ನ ಕಡೆ ಬಗ್ಗಿ, "ಏನೇ ಮಾರಾಯ್ತಿ, ಇವತ್ತು ಮೊದಲ ದೋಸೆ ಎದ್ತಾ?" ಎಂದು ತಮಾಷೆ ಮಾಡುತ್ತಿದ್ದಳು. ಇಬ್ಬರೂ ನಗುತ್ತಿದ್ದೆವು. ಆಗ ನಗು ಬರುತ್ತಿತ್ತು.

ಕೆಲಸ ಮಾತ್ರ ಚೆನ್ನಾಗಿ ಸಾಗಿತು. ಒಮ್ಮೆ ಚೀಟಿ ಅರ್ಧ ಗಾತ್ರಕ್ಕೆ ಮುದ್ರಣವಾಯಿತು, ನನ್ನಲ್ಲಿ ಮಾತ್ರ. ಒಮ್ಮೆ ಬಿಲ್ಲಿನ ಪುಟ ತೆರೆಯಲೇ ಇಲ್ಲ, ನನ್ನಲ್ಲಿ ಮಾತ್ರ. ಅದೇ ಅಪ್ಡೇಟ್ ಉಳಿದ ನಾಲ್ವರಿಗೆ ಸೇರುವ ಹೊತ್ತಿಗೆ ಏನು ಒತ್ತಬೇಕು, ಏನು ಬದಲಿಸಬೇಕು ಎಲ್ಲ ನನಗೆ ಗೊತ್ತಿರುತ್ತಿತ್ತು. ಅವರು ಊಟ ಮುಗಿಸಿ ಬರುವುದರೊಳಗೆ ನಾನೇ ಒಂದೊಂದರ ಮುಂದೆ ಕೂತು ಸರಿಮಾಡಿಟ್ಟಿರುತ್ತಿದ್ದೆ. ನನ್ನ ಊಟದ ಡಬ್ಬಿಯ ಚಿತ್ರಾನ್ನ ತಣ್ಣಗಾಗಿರುತ್ತಿತ್ತು. ತಮ್ಮ ಕಂಪ್ಯೂಟರಿಗೆ ಅಪ್ಡೇಟ್ ಆಗಿದ್ದೇ ಅವರಿಗೆ ತಿಳಿಯುತ್ತಿರಲಿಲ್ಲ. ನನಗೆ ಬೇಕಾಗಿದ್ದೂ ಅದೇ ಆಗಿತ್ತು ಎಂದು ನೆನೆದರೆ ನನ್ನ ಮೇಲೇ ನನಗೆ ಕನಿಕರ.

ಆ ದಿನಗಳಲ್ಲಿ ನನ್ನ ಮುಂದಿನ ಸಾಲು ಮಾತ್ರ ಕರಗುತ್ತಿರಲಿಲ್ಲ. "ಈ ಮೇಡಂಗೆ ಕೆಲ್ಸ ಬರಲ್ಲ ಕಣಯ್ಯ, ಆ ಕಡೆ ಲೈನಿಗೆ ಹೋಗು," ಎಂದು ಜನ ನನ್ನೆದುರಿಗೇ ಹೇಳುತ್ತಿದ್ದರು. ಅವರಿಗೆ ಏನೆಂದು ವಿವರಿಸುವುದು? ಯಾವ ಕೌಂಟರಿನಲ್ಲಿ ಎಷ್ಟು ಜನ ಕಾಯುತ್ತಿದ್ದಾರೆ ಎಂದು ತೋರಿಸುವ ಪರದೆಯೊಂದು ಮ್ಯಾನೇಜರ್ ಕೋಣೆಯಲ್ಲಿ ಇತ್ತು. ನಿಧಾನವಾದ ಕೌಂಟರ್ ಅದರಲ್ಲಿ ಕೆಂಪಾಗುತ್ತದೆ. ಅದು ನನಗೆ ಗೊತ್ತಿತ್ತು. ಆದರೆ ಮ್ಯಾನೇಜರ್‌ಗೆ ನನ್ನ ಕೆಲಸವೂ ಗೊತ್ತಿದೆ ಎಂದು ನಾನು ನಂಬಿದ್ದೆ.

ಖಾಯಂ ಮಾಡುವ ವಿಚಾರಕ್ಕೆ ನನ್ನನ್ನೂ ಪಕ್ಕದ ಕೌಂಟರಿನವಳನ್ನೂ ಒಟ್ಟಿಗೆ ಕೋಣೆಗೆ ಕರೆದರು. ಅಮ್ಮ ಅಂದು ಬೆಳಿಗ್ಗೆ ದೇವರಿಗೆ ತುಪ್ಪದ ದೀಪ ಹಚ್ಚಿ ಕಳಿಸಿದ್ದಳು. ಮ್ಯಾನೇಜರ್ ಪರದೆಯ ಕಡೆ ನೋಡುತ್ತಲೇ ಕೇಳಿದರು.

"ನಿಮ್ಮ ಕೌಂಟರ್ ಮಾತ್ರ ಯಾಕಮ್ಮ ಯಾವಾಗ್ಲೂ ಕೆಡುತ್ತೆ? ಉಳಿದಿದ್ದೆಲ್ಲ ಚೆನ್ನಾಗೇ ನಡೀತಿದೆಯಲ್ಲ?"

"ನನ್ನದು ಕೆಡೋದ್ರಿಂದ್ಲೇ ಸಾರ್ ಉಳಿದಿದ್ದು ಚೆನ್ನಾಗಿರೋದು," ಎಂದು ಎಲ್ಲವನ್ನೂ ಹೇಳಿದೆ. ಮೊದಲು ನನ್ನಲ್ಲಿ ನೋಡುವುದು, ಆಮೇಲೆ ಉಳಿದವರಿಗೆ ಬಿಡುವುದು, ಊಟದ ಹೊತ್ತಿನ ಕೆಲಸ, ಎಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಅದೆಲ್ಲ ಈಗ ಆಟೊಮ್ಯಾಟಿಕ್ ಆಗಿ ಆಗುತ್ತಲ್ಲಮ್ಮ," ಎಂದರು. ಆಮೇಲೆ ಅವಳ ಕಡೆ ತಿರುಗಿ, "ನಿಮ್ಮ ಕೌಂಟರಲ್ಲಿ ಯಾವತ್ತಾದ್ರೂ ಅಪ್ಡೇಟಿಂದ ತೊಂದ್ರೆ ಆಗಿದ್ಯಾ?" ಎಂದು ಕೇಳಿದರು.

ಅವಳು ಒಮ್ಮೆ ನನ್ನನ್ನು ನೋಡಿದಳು. "ಇತ್ತೀಚೆಗೆ ಇಲ್ಲ ಸಾರ್. ಒಂದ್ಸಲಾನೂ ಆಗಿಲ್ಲ."

ಅಷ್ಟೇ. ನೀಲಿ ಪಟ್ಟಿ ಅವಳಿಗೆ ಹೋಯಿತು.

ಹೊರಗೆ ಬಂದಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು. "ಬೇಜಾರು ಮಾಡ್ಕೋಬೇಡ ಮಾರಾಯ್ತಿ. ಅವ್ರು ಕೇಳಿದ್ದಕ್ಕೆ ಇದ್ದದ್ದು ಹೇಳ್ದೆ. ಸುಳ್ಳೇನೂ ಹೇಳ್ಲಿಲ್ಲ."

"ಸುಳ್ಳು ಹೇಳಿದ್ರೆ ಬೈದಾದ್ರೂ ಸಮಾಧಾನ ಮಾಡ್ಕೊತಿದ್ದೆ," ಎಂದೆ. ಕೈ ಬಿಡಿಸಿಕೊಂಡೆ. ಹೊಟ್ಟೆ ಉರಿಯುತ್ತಿತ್ತು, ಅದನ್ನು ಬೇರೆ ಹೆಸರಿನಿಂದ ಕರೆಯುವುದಿಲ್ಲ. ಖಾಯಂ ಆದ ಖುಷಿಗೆ ಅವಳು ಮನೆಯವರನ್ನೆಲ್ಲ ಕರೆದುಕೊಂಡು ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಹೋಗಿ ಬಂದಳು. ಸೋಮವಾರ ಫೋಟೊ ತೋರಿಸಿದಳು. ಹಿಂದೆ ಸಿಂಹ ಮಲಗಿತ್ತು, ಮುಂದೆ ಇವಳು ನಿಂತಿದ್ದಳು. ರಜೆಯ ದಿನವೂ ಕುತ್ತಿಗೆಯಲ್ಲಿ ನೀಲಿ ಪಟ್ಟಿ. ಸಿಂಹಕ್ಕೆ ತೋರಿಸಲು ಹಾಕಿಕೊಂಡಿದ್ದಳೋ ಏನೋ. ಚೆನ್ನಾಗಿದೆ ಎಂದು ಹೇಳಿ ಮೊಬೈಲ್ ವಾಪಸ್ಸು ಕೊಟ್ಟೆ.

ಅಂದೇ ಮ್ಯಾನೇಜರ್ ಬಳಿ ಹೋದೆ. ಕದ್ದುಮುಚ್ಚಿ ಏನನ್ನೂ ಮಾಡುವವಳಲ್ಲ ನಾನು. "ಸಾರ್, ನನ್ನ ಕಂಪ್ಯೂಟರನ್ನೂ ಎಲ್ಲರ ಜೊತೆಗೇ ಸೇರಿಸ್ತೀನಿ. ತಡ, ಊಟದ ಹೊತ್ತು ಏನೂ ಬೇಡ, ಅಪ್ಡೇಟ್ ಮೊದಲಿನ ಹಾಗೆ ಎಲ್ಲರಿಗೂ ಒಟ್ಟಿಗೇ ಬರ್ಲಿ. ಕೆಟ್ಟರೆ ಎಲ್ಲಾ ಕಡೆ ಕೆಡುತ್ತೆ."

"ಸೇರಿಸಿ, ಸೇರಿಸಿ. ನಿಮ್ಮನ್ನ ಬೇರೆ ಇಡೋಕೆ ಯಾರು ಹೇಳಿದ್ರು?" ಎಂದರು.

ಸೇರಿಸಿದೆ. ಅಲ್ಲಿಂದ ಒಂದೆರಡು ಅಪ್ಡೇಟ್ ಸದ್ದಿಲ್ಲದೆ ಬಂದು ಹೋದವು. ನನ್ನ ಸಾಲೂ ಎಲ್ಲರ ಸಾಲಿನಷ್ಟೇ ವೇಗವಾಗಿ ಕರಗಿತು. ಊಟದ ಹೊತ್ತಿಗೆ ಊಟ ಮಾಡಿದೆ. ಆಮೇಲೆ ಒಂದು ಬೆಳಿಗ್ಗೆ, ಸಂತೆಯ ಹಾಗೆ ಜನ ತುಂಬಿದ್ದಾಗ, ಐದೂ ಕೌಂಟರಿನ ಬೆರಳಚ್ಚಿನ ದೀಪ ಮತ್ತೆ ಒಟ್ಟಿಗೇ ಆರಿತು. ಹೊಸದಾಗಿ ಅನುಮತಿ ಕೊಡುವ ಹಿಂದಿನ ಉಪಾಯ ಈ ಸಲ ನಡೆಯಲಿಲ್ಲ. ಮ್ಯಾನೇಜರ್ ಕೋಣೆಯ ಪರದೆ ಪೂರ್ತಿ ಕೆಂಪಾಗಿರಬೇಕು, ಓಡೋಡಿ ಬಂದರು.

"ಏನಾಯ್ತಮ್ಮ? ಎಲ್ಲಾ ಒಟ್ಟಿಗೇ ನಿಂತೋಯ್ತಲ್ಲ!"

"ಆಟೊಮ್ಯಾಟಿಕ್ ಸಾರ್," ಎಂದೆ.

ಅದನ್ನು ಹೇಳಿದಾಗ ಖುಷಿಯಾಗಲಿಲ್ಲ ಎಂದು ಸುಳ್ಳು ಹೇಳಲಾರೆ. ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು ಅದು. ಆದರೆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ನನ್ನೆದುರಿಗೆ ನಿಂತಿದ್ದ ಮುದುಕರೊಬ್ಬರು ಬೆರಳನ್ನು ಪಂಚೆಗೆ ಒರೆಸಿ, ಬಾಯಿಯಿಂದ ಊದಿ, ಮತ್ತೆ ಯಂತ್ರದ ಮೇಲೆ ಇಟ್ಟರು. "ಅಡಿಕೆ ಸುಲಿದ ಕೈ ಕಣಮ್ಮ, ಗೆರೆಯೆಲ್ಲ ಸವೆದುಹೋಗಿದೆ. ನಂದೇ ತಪ್ಪು," ಎಂದರು. ಮ್ಯಾನೇಜರ್ ಪಕ್ಕದಲ್ಲೇ ಇದ್ದರು, ಅವರ ಕಿವಿಗೆ ಅದು ಬೀಳಲಿಲ್ಲ. ನನ್ನ ಕಿವಿಗೇ ಬೀಳಬೇಕೇ?

"ನಿಮ್ಮದೇನೂ ತಪ್ಪಿಲ್ಲ ಯಜಮಾನ್ರೇ, ಕೂತ್ಕೊಳಿ," ಎಂದು ಹೇಳಿ ಕೆಲಸಕ್ಕೆ ಇಳಿದೆ. ಎಲ್ಲಿ ತಪ್ಪಿದೆ ಎಂದು ಹುಡುಕಿ, ನನ್ನದರಲ್ಲಿ ದೀಪ ಹತ್ತಿಸಿಕೊಂಡು, ಮುದುಕರ ಬೆರಳಚ್ಚು ತೆಗೆದುಕೊಂಡು, ಉಳಿದ ನಾಲ್ಕನ್ನೂ ಸರಿಮಾಡುವಷ್ಟರಲ್ಲಿ ಬೆಳಗಿನ ಡಾಕ್ಟರುಗಳು ಎದ್ದು ಹೋಗಿದ್ದರು. ನೀಲಿ ಪಟ್ಟಿಯವಳು ಕೈಕಟ್ಟಿಕೊಂಡು ನನ್ನ ಹಿಂದೆ ನಿಂತು ನೋಡುತ್ತಿದ್ದಳು.

ಸಂಜೆ ಎಲ್ಲರನ್ನೂ ಕೌಂಟರಿನ ಬಳಿಯೇ ನಿಲ್ಲಿಸಿ ಮ್ಯಾನೇಜರ್ ಹೊಸ ವ್ಯವಸ್ಥೆ ಹೇಳಿದರು. ಇನ್ನು ಮುಂದೆ ಯಾವುದೇ ಅಪ್ಡೇಟ್ ಬಂದರೂ ಮೊದಲು ಒಂದೇ ಕೌಂಟರಿನಲ್ಲಿ ನೋಡಬೇಕು, ಸರಿಯಿದ್ದರೆ ಮಾತ್ರ ಉಳಿದವಕ್ಕೆ ಬಿಡಬೇಕು. ತಾವೇ ಯೋಚಿಸಿ ಕಂಡುಹಿಡಿದ ಹಾಗಿತ್ತು ಅವರ ದನಿ. ಉಸ್ತುವಾರಿಯನ್ನು ನೀಲಿ ಪಟ್ಟಿಯವಳಿಗೆ ವಹಿಸಿದರು. ಮೊದಲು ಯಾವ ಕೌಂಟರ್ ಎಂದು ಅವರು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಎಲ್ಲರೂ ನನ್ನ ಕಡೆ ನೋಡಿದರು.

"ಖಾಯಂ ಆದವರ ಕೌಂಟರಲ್ಲೇ ಮೊದಲು ನೋಡಿ ಸಾರ್," ಎಂದೆ.

ಅವಳು ತಲೆ ತಗ್ಗಿಸಿದಳು. ಮ್ಯಾನೇಜರ್ ನಕ್ಕರು. ಅವರಿಗೆ ನನ್ನ ಮೇಲೆ ಕೋಪವೇನೂ ಬಂದಿರಲಿಲ್ಲ, ಅದೇ ಇನ್ನೂ ಕೆಟ್ಟದ್ದು.

"ಅವ್ರಿಗೆ ಕಷ್ಟ ಆಗುತ್ತಮ್ಮ. ನಿಮಗಾದ್ರೆ ಅಭ್ಯಾಸ ಇದೆಯಲ್ಲ," ಎಂದರು.

ಮರುದಿನ ಬೆಳಿಗ್ಗೆ ಅಮ್ಮ ಕಾವಲಿ ಇಟ್ಟಿದ್ದಳು. ಮೊದಲ ದೋಸೆಯನ್ನು ಕೆರೆದು, ಚೂರುಚೂರಾಗಿ ಎದ್ದದ್ದನ್ನು ತನ್ನ ತಟ್ಟೆಗೆ ಹಾಕಿಕೊಂಡು, ನನ್ನ ಬೈಗುಳಕ್ಕೆ ಕಾದಳು. ನಾನು ಬೈಯಲಿಲ್ಲ. ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡು ಅದನ್ನೆಲ್ಲ ತಿಂದೆ.

"ಏನೇ ಇದು? ಬಿಸಿದು ಹಾಕ್ತಿದೀನಲ್ಲ, ಅದನ್ನ ಯಾಕೆ ತಿಂತೀಯ?" ಎಂದಳು ಅಮ್ಮ.

"ನಂಗೆ ಅಭ್ಯಾಸ ಇದೆಯಂತೆ," ಎಂದು ಹೇಳಿ, ಕೈ ತೊಳೆದು, ಹಳದಿ ಪಟ್ಟಿ ಹಾಕಿಕೊಂಡು ಬಸ್ಸಿಗೆ ಹೊರಟೆ.