ಸಹಿಯ ಕೆಳಗಿನ ಮೂರು ಅಂಕಿ

ವಾಚ್ ರಿಪೇರಿಯ ಯಜಮಾನರನ್ನು ಅವಳು ಮೊದಲು ಕಂಡದ್ದು ತಿಂಗಳ ಆರನೆಯ ತಾರೀಕು, ಸೋಮವಾರ ಬೆಳಿಗ್ಗೆ. ಪೊಲೀಸ್ ಠಾಣೆಯ ಕಾಂಪೌಂಡ್ ಗೋಡೆಗೆ ಅಂಟಿಕೊಂಡಂತೆ ಅವರ ಪೆಟ್ಟಿಗೆ ಅಂಗಡಿ ಇತ್ತು. ಅಗಲ ಮೂರು ಅಡಿ, ಎತ್ತರ ಒಬ್ಬರು ಕುಳಿತರೆ ತಲೆ ತಾಗದಷ್ಟು. ಮುಂದೆ ಗಾಜಿನ ಹಲಗೆ, ಅದರ ಕೆಳಗೆ ಬಿಚ್ಚಿಟ್ಟ ಮುಳ್ಳುಗಳು, ಚಕ್ರಗಳು, ಒಡೆಯನಿಲ್ಲದ ಪಟ್ಟಿಗಳು. ಯಜಮಾನರು ಬಲಗಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬಗ್ಗಿ ಕುಳಿತಿದ್ದರು. ತಲೆ ಎತ್ತಿದಾಗಲೂ ಅವಳ ಮುಖ ನೋಡಲಿಲ್ಲ, ಮಣಿಕಟ್ಟು ನೋಡಿದರು.

"ನಿಂತು ಎಷ್ಟು ದಿನ ಆಯ್ತಮ್ಮಾ?"

"ಇವತ್ತೇ. ಬಸ್ಸಲ್ಲಿ ಬರ್ತಾ ನಿಂತುಹೋಯ್ತು."

"ಸುಳ್ಳು. ನಿನ್ನೆ ಸಂಜೆಯೇ ನಿಂತಿದೆ. ನೀನು ನೋಡಿದ್ದು ಇವತ್ತು."

ಅವಳು ಠಾಣೆಗೆ ಬಂದದ್ದು ಸಂಶೋಧನೆಗೆ. ಕಳ್ಳತನದ ಕೇಸುಗಳು ಕೋರ್ಟಿನಲ್ಲಿ ಯಾಕೆ ಬಿದ್ದುಹೋಗುತ್ತವೆ ಎಂಬುದು ಅವಳ ವಿಷಯ. ಹಳೆಯ ಕಡತಗಳನ್ನು ನೋಡಲು ಮೇಲಿನವರು ಕೊಟ್ಟ ಅನುಮತಿ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು, ಅದರ ಮೂರು ಜೆರಾಕ್ಸ್ ಮಾಡಿಸಿಕೊಂಡು ಬಂದಿದ್ದಳು. ಬಾಗಿಲಲ್ಲಿದ್ದ ಪೇದೆ ಮೂರನ್ನೂ ಇಸಿದುಕೊಂಡು "ಹೊರಗೆ ಕೂತ್ಕೊಳ್ಳಿ" ಎಂದಿದ್ದ. ಹೊರಗೆ ಕೂರಲು ಇದ್ದದ್ದು ಯಜಮಾನರ ಅಂಗಡಿಯ ಮುಂದಿನ ಸ್ಟೂಲ್ ಒಂದೇ.

ಅವರು ವಾಚಿನ ಬೆನ್ನು ಬಿಚ್ಚಿ ಒಂದು ಸಲ ಊದಿದರು. ಆಮೇಲೆ ದಾರ ಕಟ್ಟಿದ ಚೀಟಿಯ ಮೇಲೆ 6.9.17 ಎಂದು ಬರೆದು ವಾಚಿಗೆ ತೂಗುಹಾಕಿದರು. ಅದು ರಸೀದಿ ನಂಬರ್ ಇರಬೇಕೆಂದು ಅವಳು ಅಂದುಕೊಂಡಳು. ಅಷ್ಟರಲ್ಲಿ ಗೋಡೆಯ ಆಚೆಯಿಂದ ಯಾರೋ ಕೂಗಿದರು: "ಯಜಮಾನ್ರೇ, ಒಂದ್ನಿಮಿಷ! ರೈಟರ್ ಕರೀತಿದಾರೆ."

"ನೋಡ್ಕೋತಿರಮ್ಮಾ" ಎಂದು ಅವರು ಎದ್ದು ಹೋದರು. ಬಂದಾಗ ಬೆರಳಿಗೆ ಶಾಯಿ ಮೆತ್ತಿತ್ತು. ಅದನ್ನು ವಾಚು ಒರೆಸುವ ಬಟ್ಟೆಗೆ ಒರೆಸದೆ ಬೇರೊಂದು ಚಿಂದಿ ಹುಡುಕಿ ಒರೆಸಿದರು. ಅಷ್ಟು ಅಚ್ಚುಕಟ್ಟಿನ ಮನುಷ್ಯ.

ಠಾಣೆಯ ರೈಟರ್ ಅಂದರೆ ಅಲ್ಲಿನ ಬರವಣಿಗೆಯನ್ನೆಲ್ಲ ನೋಡಿಕೊಳ್ಳುವ ಹಳೆಯ ಹೆಡ್ ಕಾನ್‌ಸ್ಟೇಬಲ್. ದೂರು ಕೊಡಲು ಬಂದವರ ಅಳು ಅವರ ಕೈಯಲ್ಲಿ ನಾಲ್ಕು ಸಾಲಿಗೆ ಇಳಿಯುತ್ತಿತ್ತು. ಅವಳಿಗೆ ದಾಖಲೆ ಕೋಣೆಯಲ್ಲಿ ಒಂದು ಮುರುಕಲು ಮೇಜು ಕೊಟ್ಟವರು ಅವರೇ. "ಎಷ್ಟು ಬೇಕಾದ್ರೂ ಎಣಿಸಿಕೊಳ್ಳಿ ಮೇಡಂ. ನಮ್ಮಲ್ಲಿ ಎಲ್ಲಾ ಕಾಗದದ ಮೇಲೆ ಸರಿಯಾಗೇ ಇರುತ್ತೆ" ಎಂದರು. ಆ ಮಾತು ಎಷ್ಟು ನಿಜ ಎಂದು ತಿಳಿಯಲು ಅವಳಿಗೆ ಐದು ತಿಂಗಳು ಹಿಡಿಯಿತು.

ಕದ್ದ ಮಾಲು ಸಿಕ್ಕಾಗ ಪೊಲೀಸರು ಅದನ್ನು ಸುಮ್ಮನೆ ಎತ್ತಿಕೊಂಡು ಬರುವಂತಿಲ್ಲ. ಸಾರ್ವಜನಿಕರಲ್ಲಿ ಇಬ್ಬರು ಸ್ಥಳದಲ್ಲೇ ನಿಂತು, ಕಣ್ಣಾರೆ ನೋಡಿ, ಕಾಗದಕ್ಕೆ ಸಹಿ ಹಾಕಬೇಕು. ಆ ಕಾಗದಕ್ಕೆ ಮಹಜರು ಎನ್ನುತ್ತಾರೆ. ಅವಳು ದಿನಕ್ಕೆ ಹತ್ತರಂತೆ ಆರುನೂರ ನಲವತ್ತು ಮಹಜರು ತೆಗೆದು ನೋಡಿದಳು. ನೋಡಿದಳು ಅಂದರೆ, ನೋಡಬೇಕಾದದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡಿದಳು. ವಿಶ್ವವಿದ್ಯಾಲಯದ ನೀತಿ ಸಮಿತಿ ಯಾರ ಹೆಸರೂ ಅವಳ ಕಣ್ಣಿಗೆ ಬೀಳಬಾರದೆಂದು ಷರತ್ತು ಹಾಕಿತ್ತು. ಆದ್ದರಿಂದ ಬಿಸ್ಕತ್ತು ಡಬ್ಬದ ರಟ್ಟನ್ನು ಉದ್ದಕ್ಕೆ ಕತ್ತರಿಸಿಕೊಂಡು, ಹೆಸರಿನ ಸಾಲಿನ ಮೇಲಿಟ್ಟು, ಸಹಿ ಇದೆಯೇ ಇಲ್ಲವೇ ಎಂದಷ್ಟೇ ಗುರುತು ಹಾಕಿಕೊಂಡಳು. ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಅವಳ ಪಟ್ಟಿಯಲ್ಲಿ ಒಂದು ಸೊನ್ನೆಯೂ ಬರಲಿಲ್ಲ. ಎಷ್ಟೋ ಸಹಿಗಳ ಕೆಳಗೆ ಚುಕ್ಕಿ ಇಟ್ಟ ಮೂರು ಅಂಕಿಗಳಿದ್ದವು. ಅವಳ ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಅವಳ ಮಧ್ಯಂತರ ವರದಿಯ ಏಳನೆಯ ಪುಟದಲ್ಲಿ ಒಂದು ವಾಕ್ಯವಿತ್ತು: "ಈ ಠಾಣೆಯಲ್ಲಿ ಸಾರ್ವಜನಿಕ ಸಹಭಾಗಿತ್ವ ಶೇಕಡಾ ನೂರು." ಉಳಿದ ಐವತ್ತಮೂರು ಪುಟಗಳನ್ನು ಯಾರೂ ಓದಲಿಲ್ಲ. ಆ ಒಂದು ವಾಕ್ಯ ಮಾತ್ರ ಕೈಯಿಂದ ಕೈಗೆ ದಾಟಿ ಪೊಲೀಸ್ ಮುಖ್ಯ ಕಚೇರಿ ಸೇರಿತು. ಬೇರೆ ಕಡೆ ಜನ ಪೊಲೀಸರನ್ನು ಕಂಡರೆ ರಸ್ತೆ ದಾಟುತ್ತಾರೆ, ಇಲ್ಲಿ ನೋಡಿದರೆ ಸಹಿ ಹಾಕಲು ಮುಗಿಬೀಳುತ್ತಿದ್ದಾರೆ! ಸಂಶೋಧನೆಯೇ ಹೇಳಿದ ಮೇಲೆ ಇನ್ನೇನು? ಠಾಣೆಗೊಂದು ಪ್ರಶಸ್ತಿ, ಅತಿ ಹೆಚ್ಚು ಸಹಕರಿಸಿದ ನಾಗರಿಕನಿಗೊಂದು ಗಾಜಿನ ಫಲಕ ಎಂದು ತೀರ್ಮಾನವಾಯಿತು.

ಇಪ್ಪತ್ತೇಳನೆಯ ತಾರೀಕು ಠಾಣೆಯ ಅಂಗಳದಲ್ಲಿ ಕುರ್ಚಿ ಹಾಕಿದರು. ಅವಳನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದರು. ಆದರ್ಶ ನಾಗರಿಕ ವೇದಿಕೆ ಹತ್ತಿದಾಗ ಅವಳು ಕಣ್ಣು ಉಜ್ಜಿಕೊಂಡಳು. ವಾಚಿನ ಯಜಮಾನರು ಕಣ್ಣಿಗೆ ಮಸೂರವಿಲ್ಲದೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುವೆ ಗಂಡಿನಂತೆ ಮುದುಡಿ ನಿಂತಿದ್ದರು.

ಫಲಕ ಕೈಗೆ ಬಂದ ಮೇಲೆ ರೈಟರ್ ಸ್ವೀಕೃತಿ ಪುಸ್ತಕ ಮುಂದೆ ಹಿಡಿದರು. ಯಜಮಾನರು ಸಹಿ ಹಾಕಿದರು. ಗೋಡೆಯ ಗಡಿಯಾರ ನೋಡಿದರು, ಅದನ್ನು ನಂಬದೆ ತಮ್ಮ ಕೈಗಡಿಯಾರ ನೋಡಿದರು, ಸಹಿಯ ಕೆಳಗೆ 27.10.55 ಎಂದು ಬರೆದರು. ಅಭಿನಂದಿಸಲು ಎದ್ದು ಪಕ್ಕಕ್ಕೆ ಬಂದಿದ್ದ ಅವಳೂ ತನ್ನ ವಾಚು ನೋಡಿಕೊಂಡಳು. ಹತ್ತು ಗಂಟೆ ಐವತ್ತೈದು ನಿಮಿಷ.

"ಯಜಮಾನ್ರೇ, ಇದೇನು?"

"ತಾರೀಕು, ಗಂಟೆ, ನಿಮಿಷ. ರೈಲಿನ ಲೆಕ್ಕ, ಮಧ್ಯಾಹ್ನ ಒಂದು ಅಂದ್ರೆ ಹದಿಮೂರು. ನನ್ನ ಕೈಗೆ ಬಂದದ್ದಕ್ಕೆಲ್ಲಾ ಹೊತ್ತು ಬರೀತೀನಮ್ಮಾ. ನಮ್ಮ ಕಸುಬಲ್ಲಿ ಹೊತ್ತು ಬರೆದಿಡದವನು ಜಗಳದಲ್ಲಿ ಗೆಲ್ಲಲ್ಲ."

ಅವಳು ಭಾಷಣ ಮುಗಿಯುವವರೆಗೂ ಕಾಯದೆ ದಾಖಲೆ ಕೋಣೆಗೆ ಹೋಗಿ ರಟ್ಟನ್ನು ತೆಗೆದಿಟ್ಟು ಮಹಜರುಗಳನ್ನು ಮೊದಲಿನಿಂದ ತಿರುವಿದಳು. ಆರುನೂರ ನಲವತ್ತರಲ್ಲಿ ಮುನ್ನೂರ ಹನ್ನೊಂದರಲ್ಲಿ ಯಜಮಾನರ ಸಹಿ. ಒಂದೇ ದಿನ, ಒಂದೇ ಹೊತ್ತಿಗೆ, ಊರಿನ ಎರಡು ತುದಿಗಳಲ್ಲಿ ಅವರು ನಿಂತು ನೋಡಿದ್ದರು. ಬಹುಪಾಲು ಸಹಿಗಳು ಮಾಲು ಸಿಕ್ಕ ಮಾರನೆಯ ದಿನದವು. ಹತ್ತೊಂಬತ್ತರಲ್ಲಿ ಮಾತ್ರ ವಿಚಿತ್ರವಿತ್ತು: ಮಾಲು ಸಿಗುವ ಮುಂಚೆಯೇ ಯಜಮಾನರು ಅದು ಸಿಕ್ಕಿದ್ದನ್ನು ಕಂಡಿದ್ದರು. ಆ ಹತ್ತೊಂಬತ್ತರಲ್ಲಿ ಹದಿನೆಂಟು ಕೇಸು ಮುಗಿದಿದ್ದವು. ಒಂದು ಇನ್ನೂ ನಡೆಯುತ್ತಿತ್ತು. ಗೋಡೆಗೆ ಬಣ್ಣ ಬಳಿಯುವ ಒಬ್ಬ ಪೇಂಟರ್, ಕೆಲಸ ಮಾಡಿದ ಮನೆಯಿಂದ ನೀರಿನ ಪಂಪು ಕದ್ದನೆಂದು ಏಳು ತಿಂಗಳಿಂದ ಜೈಲಿನಲ್ಲಿದ್ದ. ಪಂಪು ಹನ್ನೆರಡನೆಯ ತಾರೀಕು ಸಂಜೆ ನಾಲ್ಕಕ್ಕೆ ಅವನ ಮಂಚದ ಕೆಳಗೆ ಸಿಕ್ಕಿತೆಂದು ಮಹಜರು ಹೇಳುತ್ತಿತ್ತು. ಯಜಮಾನರ ಸಹಿಯ ಕೆಳಗೆ 12.11.42 ಎಂದಿತ್ತು. ಮುಂದಿನ ವಾರ ಯಜಮಾನರ ಸಾಕ್ಷಿ. "ಹೌದು, ನೋಡಿದೆ" ಎಂದರೆ ಪೇಂಟರಿಗೆ ಇನ್ನೂ ಮೂರು ವರ್ಷ.

ಅವಳು ಅಂಗಡಿಗೆ ಬಂದಾಗ ಯಜಮಾನರ ಹೆಂಡತಿ ಊಟದ ಡಬ್ಬಿ ತಂದಿದ್ದರು. ಸ್ಟೂಲಿನ ಮೇಲೆ ಇನ್ನೊಬ್ಬ ಹೆಂಗಸು ಕುಳಿತಿದ್ದಳು. ಇಸ್ತ್ರಿ ಪೆಟ್ಟಿಗೆ ಹಿಡಿದು ಹಿಡಿದು ಅಂಗೈ ಕಪ್ಪಾದವಳು, ಪೇಂಟರಿನ ಅಕ್ಕ.

"ಅಣ್ಣಾ, ನೀವು ದೊಡ್ಡವರು, ನಿಮ್ಮನ್ನ ಸುಳ್ಳುಗಾರ ಅನ್ನಲ್ಲ" ಎನ್ನುತ್ತಿದ್ದಳು ಆಕೆ. "ನನ್ನ ತಮ್ಮನ ಮಂಚದ ಕೆಳಗಿಂದ ಪಂಪು ತೆಗೆದದ್ದು ನೋಡಿದ್ರಂತೆ. ನಮ್ಮನೇಲಿ ಮಂಚವೇ ಇಲ್ಲ ಅಣ್ಣಾ. ನಾವು ಮೂರು ಜನಾನೂ ಚಾಪೆ ಮೇಲೆ ಮಲಗೋದು."

ಯಜಮಾನರು ಒಂದು ತಿರುಪು ಮೊಳೆಯನ್ನು ಮೂರು ಸಲ ಬಿಗಿದರು. "ನಾನು ಕೋರ್ಟಲ್ಲಿ ಹೇಳೋದು ಒಂದೇ ಮಾತು ತಾಯಿ. ಸಹಿ ನಂದು ಅಂತೀನಿ. ಅದು ನಿಜ ತಾನೇ?"

"ಥೂ, ನಿಮ್ಮ ನಿಜಕ್ಕಿಷ್ಟು!" ಎಂದರು ಹೆಂಡತಿ ಡಬ್ಬಿ ಕುಕ್ಕಿ. "ಹದಿನೆಂಟು ವರ್ಷ ಈ ಗೋಡೆ ಪಕ್ಕ ಕೂತು ಕೂತು ನೀವೂ ಗೋಡೆ ಆಗಿದೀರಿ. ಯಾರು ಬೇಕಾದ್ರೂ ಏನು ಬೇಕಾದ್ರೂ ಅಂಟಿಸ್ಬಹುದು."

"ಗೋಡೆ ಅವರದ್ದು ಕಣೇ. ಅಂಗಡಿ ಎತ್ತು ಅಂದ್ರೆ ಎಲ್ಲಿಗೆ ಹೋಗ್ಲಿ, ನಿನ್ನ ಅಡುಗೆಮನೆಗಾ?"

"ಬನ್ನಿ. ಅಲ್ಲಿರೋ ಗಡಿಯಾರ ನಿಂತು ಎರಡು ವರ್ಷ ಆಯ್ತು, ಅದನ್ನೂ ಸ್ವಲ್ಪ ನೋಡುವಿರಂತೆ."

ಸಂಶೋಧಕರು ಅಧ್ಯಯನದ ವಿಷಯದಲ್ಲಿ ಮಧ್ಯೆ ಕೈಹಾಕಬಾರದು ಎಂಬ ಷರತ್ತಿಗೂ ಅವಳು ಸಹಿ ಹಾಕಿಕೊಟ್ಟಿದ್ದಳು. ಪೇಂಟರಿನ ಅಕ್ಕ ಕಣ್ಣೊರೆಸಿಕೊಂಡು ಎದ್ದು ಹೋದಾಗ ಅವಳು ಹತ್ತು ಹೆಜ್ಜೆ ಸುಮ್ಮನೆ ನೋಡಿದಳು. ಹನ್ನೊಂದನೆಯ ಹೆಜ್ಜೆಗೆ ಓಡಿಹೋಗಿ ಹಿಡಿದಳು. "ಅಕ್ಕಾ, ನಿಮ್ಮ ವಕೀಲರಿಗೆ ಹೇಳಿ, ಯಜಮಾನರ ಸಹಿಯ ಕೆಳಗೆ ಇರೋ ಅಂಕಿ ಏನು ಅಂತ ಕೇಳೋಕೆ. ಅಷ್ಟೇ. ಬೇರೇನೂ ಬೇಡ."

ಸಾಕ್ಷಿಯ ದಿನ ಬೆಳಿಗ್ಗೆ ರೈಟರ್ ಎಂದಿನಂತೆ ಯಜಮಾನರಿಗೆ ಪಾಠ ಹೇಳಿಕೊಟ್ಟರು. ಪಂಪಿನ ಬಣ್ಣ ನೀಲಿ, ಮಂಚ ಕಬ್ಬಿಣದ್ದು, ಕೋಣೆಗೆ ಒಂದೇ ಕಿಟಕಿ. ಯಜಮಾನರಿಗೆ ಬಾಯಿಪಾಠ ಹೊಸದೇನಲ್ಲ. ಊರಿನ ಯಾವ ಮನೆಗೂ ಹೋಗದೆ ಮುನ್ನೂರು ಮನೆಗಳ ಕಿಟಕಿ ಎಣಿಸಿದ್ದರು.

ಕೋರ್ಟಿನಲ್ಲಿ ಅವಳು ಹಿಂದಿನ ಬೆಂಚಿನಲ್ಲಿ ಕುಳಿತಳು. ಎದುರು ಸಾಲಿನಲ್ಲಿ ರೈಟರ್, ತನ್ನ ಪಕ್ಕದಲ್ಲಿ ಪೇಂಟರಿನ ಅಕ್ಕ. ಪೇಂಟರಿನ ವಕೀಲ ಎಳೆಯ ವಯಸ್ಸಿನವನು. ಮಹಜರನ್ನು ಎತ್ತಿ ಹಿಡಿದು ಕೇಳಿದ: "ಈ ಸಹಿ ನಿಮ್ಮದೇ?"

"ನಂದೇ ಸ್ವಾಮಿ."

"ಕೆಳಗೆ ಹನ್ನೆರಡು, ಹನ್ನೊಂದು, ನಲವತ್ತೆರಡು ಅಂತ ಇದೆ. ಏನಿದು?"

ಸರ್ಕಾರಿ ವಕೀಲರು ಕೂತಲ್ಲಿಂದಲೇ ಕೈ ಬೀಸಿದರು. "ಏನೋ ಗೀಚಿದ್ದಾರೆ ಸ್ವಾಮಿ. ಅದಕ್ಕೂ ಕೇಸಿಗೂ ಏನು ಸಂಬಂಧ?"

ಯಜಮಾನರು ಸರ್ಕಾರಿ ವಕೀಲರ ಕಡೆ ತಿರುಗಿದರು. "ಗೀಚಿದ್ದಲ್ಲ ಸ್ವಾಮಿ. ಹನ್ನೆರಡನೇ ತಾರೀಕು, ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತೆರಡು ನಿಮಿಷ. ಸಹಿ ಹಾಕಿದ ಹೊತ್ತು. ಹದಿನೆಂಟು ವರ್ಷದಿಂದ ಬರೀತಿದೀನಿ, ಕೋರ್ಟಲ್ಲಿ ಇವತ್ತೇ ಮೊದಲು ಒಬ್ಬರು ಕೇಳಿದ್ದು."

ರೈಟರ್ ನಾಲಿಗೆ ಕಚ್ಚಿಕೊಂಡರು. ಹದಿನೆಂಟು ವರ್ಷ ಅದನ್ನು ಸಹಿಯ ಬಾಲ ಎಂದುಕೊಂಡಿದ್ದವರು ಅವರು. ಸರ್ಕಾರಿ ವಕೀಲರು ಮಾತ್ರ ಅನುಭವಸ್ಥರು, ಎದ್ದು ನಿಂತು ಬೆಣ್ಣೆಯಂಥ ದನಿಯಲ್ಲಿ ಕೇಳಿದರು:

"ಯಜಮಾನ್ರೇ, ಆವತ್ತು ನಿಮ್ಮ ಗಡಿಯಾರ ನಾಲ್ಕೈದು ಗಂಟೆ ಹಿಂದೆ ಬಿದ್ದಿರಬಹುದಲ್ವಾ? ಯಂತ್ರ ಅಂದಮೇಲೆ ಕೆಡುತ್ತೆ. ಇರಬಹುದು ಅಂದ್ರೆ ಸಾಕು."

ಬಾಗಿಲು ತೆರೆದಿತ್ತು. 'ಇರಬಹುದು' ಎಂದರೆ ಅಂಗಡಿ ಗೋಡೆಯ ಪಕ್ಕದಲ್ಲೇ ಉಳಿಯುತ್ತಿತ್ತು, ಫಲಕ ಗೂಡಿನಲ್ಲೇ ಉಳಿಯುತ್ತಿತ್ತು, ಪೇಂಟರ್ ಜೈಲಿನಲ್ಲೇ ಉಳಿಯುತ್ತಿದ್ದ. ರೈಟರ್ ಎಲ್ಲರಿಗೂ ಕಾಣುವಂತೆ ತಲೆ ಆಡಿಸಿದರು. ಪೇಂಟರಿನ ಅಕ್ಕ ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಯಜಮಾನರು ತಮ್ಮ ಕೈಗಡಿಯಾರವನ್ನು ನೋಡಿದರು, ಮಗುವಿನ ಮೇಲೆ ಯಾರೋ ಕಳ್ಳತನ ಹೊರಿಸಿದಂತೆ ನೋಡಿದರು.

"ನನ್ನ ಗಡಿಯಾರ ಕೆಟ್ಟಿರಲಿಲ್ಲ ಸ್ವಾಮಿ. ಕೆಟ್ಟಿದ್ದು ನಾನು."

"ಅಂದರೆ?" ಎಂದರು ನ್ಯಾಯಾಧೀಶರು.

"ಆವತ್ತು ಸೋಮವಾರ. ಅಪರೂಪಕ್ಕೆ ಒಂದೊಂದು ಸೋಮವಾರ ವಾರಕ್ಕಾಗೋಷ್ಟು ಖಾಲಿ ಹಾಳೆಗೆ ಮೊದಲೇ ಸಹಿ ಹಾಕ್ತೀನಿ. ಆವತ್ತು ಏಳು ಹಾಳೆ. ಹನ್ನೊಂದು ಮೂವತ್ತೆಂಟಕ್ಕೆ ಶುರು, ನಲವತ್ತನಾಲ್ಕಕ್ಕೆ ಮುಗೀತು. ಇದು ಐದನೇದು. ಪಂಪೂ ನೋಡಿಲ್ಲ, ಮಂಚನೂ ನೋಡಿಲ್ಲ, ಆ ಹುಡುಗನ ಮುಖ ಇವತ್ತೇ ನೋಡಿದ್ದು."

"ಇದಕ್ಕೆ ನಿಮ್ಮ ಮೇಲೇ ಕೇಸು ಹಾಕಬಹುದು, ಗೊತ್ತಾ?"

"ಗೊತ್ತು ಸ್ವಾಮಿ. ಆ ಕೇಸಿನ ಮಹಜರಿಗೆ ಯಾರನ್ನ ಹುಡುಕ್ತಾರೆ ಅನ್ನೋದೇ ಯೋಚನೆ."

ನಗಬಾರದ ಜಾಗದಲ್ಲಿ ಎಲ್ಲರೂ ನಕ್ಕರು, ರೈಟರ್ ಒಬ್ಬರನ್ನು ಬಿಟ್ಟು. ಮೂರು ವಾರದ ನಂತರ ಪೇಂಟರ್ ಬಿಡುಗಡೆಯಾದ.

ಇಲಾಖೆ ಸುಮ್ಮನೆ ಕೂರಲಿಲ್ಲ, ಕೂಡಲೇ ಸುಧಾರಣೆಗೆ ಕೈಹಾಕಿತು. ತಜ್ಞರ ಸಮಿತಿ ಎರಡು ಸಲ ಸಭೆ ಸೇರಿತು. ಎಲ್ಲ ಠಾಣೆಗಳಿಗೂ ಸುತ್ತೋಲೆ ಹೋಯಿತು: ಇನ್ನು ಮುಂದೆ ಸಾಕ್ಷಿದಾರರು ಸಹಿಯ ಹೊರತಾಗಿ ಅಂಕಿ, ಚುಕ್ಕಿ, ಗೆರೆ ಯಾವುದನ್ನೂ ಬರೆಯತಕ್ಕದ್ದಲ್ಲ. ಮಹಜರಿನ ಹೊಸ ನಮೂನೆಯಲ್ಲಿ ಸಹಿಗೆಂದು ಒಂದು ಚೌಕ ಮುದ್ರಿಸಿದರು. ಅಂಕಿ ಬರೆಯಲು ಜಾಗ ಉಳಿಯದಷ್ಟು ಚಿಕ್ಕ ಚೌಕ.

ಅವಳ ಅನುಮತಿ ಪತ್ರ ರದ್ದಾಯಿತು. "ಮುನ್ನೂರ ಹನ್ನೊಂದನ್ನು ಅಡಿಟಿಪ್ಪಣಿಗೆ ಹಾಕಮ್ಮಾ, ಕೋಷ್ಟಕ ಕೆಡುತ್ತೆ" ಎಂದರು ಮಾರ್ಗದರ್ಶಕರು. ಅವಳು ಅಡಿಟಿಪ್ಪಣಿಯನ್ನೇ ಒಂದು ಅಧ್ಯಾಯ ಮಾಡಿ ಒಪ್ಪಿಸಿದಳು. ಅದು ಇನ್ನೂ ಅವರ ಮೇಜಿನ ಮೇಲಿದೆ.

ಪಾದಚಾರಿಗಳಿಗೆ ಅಡ್ಡಿ ಎಂದು ಯಜಮಾನರ ಪೆಟ್ಟಿಗೆ ಅಂಗಡಿಯನ್ನು ಒಂದು ಬೆಳಿಗ್ಗೆ ಲಾರಿಗೆ ಏರಿಸಿದರು. ಹದಿನೆಂಟು ವರ್ಷ ಪಾದಚಾರಿಗಳಿಗೆ ಅಡ್ಡಿಯಾಗದ ಅಂಗಡಿ ಆ ವಾರವೇ ಅಡ್ಡಿಯಾಗಿತ್ತು. ತೆರವಿಗೂ ಮಹಜರು ಬೇಕಿತ್ತು. ರೈಟರ್ ಹೊಸ ನಮೂನೆ ಹಿಡಿದು ಬೀದಿಯ ತುದಿಯಿಂದ ತುದಿಗೆ ನಡೆದರು, ಸಹಿಗೆ ಯಾರೂ ಸಿಗಲಿಲ್ಲ. ಕೊನೆಗೆ ಲಾರಿಯ ಡ್ರೈವರೇ ಹಾಕಿದ.

ಈಗ ಯಜಮಾನರು ಎರಡು ಬೀದಿ ಆಚೆ, ಪೇಂಟರಿನ ಅಕ್ಕನ ಇಸ್ತ್ರಿ ಅಂಗಡಿಯ ಜಗಲಿಯಲ್ಲಿ ಒಂದು ಮೇಜು ಹಾಕಿಕೊಂಡು ವಾಚು ರಿಪೇರಿ ಮಾಡುತ್ತಾರೆ. ಮುಗಿದ ಹದಿನೆಂಟು ಕೇಸುಗಳಲ್ಲಿ ನಾಲ್ಕರ ಮೇಲ್ಮನವಿ ನಡೆಯುತ್ತಿದೆ. ಕರೆ ಬಂದ ದಿನ ಅಂಗಡಿ ಮುಚ್ಚಿ ಕೋರ್ಟಿಗೆ ಹೋಗುತ್ತಾರೆ, ತಾವು ಏನನ್ನೂ ನೋಡಿಲ್ಲ ಎಂದು ಸಾಕ್ಷಿ ಹೇಳಿ ಬರುತ್ತಾರೆ.